ಬೆಂಕಿಯ ಬೆಳಕಿನಿಂದ ಕರೆಂಟು: ಗ್ಯಾಸ್‌ಲೈಟಿನಿಂದ ಶೇ 44ರವರೆಗೆ

ಶಿರಸಿ ಕಡೆಯ ಆಲೆಮನೆಗೆ ಹೋದವರಿಗೆ ಇದು ಗೊತ್ತು. ಒಲೆಯ ಬಾಯಿಂದ ನಾಲ್ಕು ಹೆಜ್ಜೆ ಆಚೆ ನಿಂತರೂ ಮುಖ ಚುರುಗುಡುತ್ತದೆ, ಬೆನ್ನಿಗೆ ಮಾತ್ರ ಚಳಿ ಹಾಗೇ ಇರುತ್ತದೆ. ಮುಖಕ್ಕೆ ಬಡಿಯುವುದು ಬೆಂಕಿಯ ಬೆಳಕು. ಅದರಲ್ಲಿ ಕಣ್ಣಿಗೆ ಕಾಣುವ ಕೆಂಪು ಸ್ವಲ್ಪ, ಕಾಣದ ಇನ್‌ಫ್ರಾರೆಡ್ ಜಾಸ್ತಿ. ಆ ಬೆಳಕನ್ನು ಹಿಡಿದು ಕರೆಂಟು ಮಾಡುವ ಸೆಲ್ಲಿಗೆ ಥರ್ಮೋಫೋಟೋವೋಲ್ಟಾಯಿಕ್, ಚಿಕ್ಕದಾಗಿ ಟಿಪಿವಿ ಅಂತಾರೆ. ಇದರ ದಕ್ಷತೆ ಶೇ 29, ಶೇ 40, ಶೇ 44 ಅಂತ ಸುದ್ದಿ ಬರುತ್ತಲೇ ಇದೆ. ಮಾಡಿನ ಮೇಲಿನ ಸೋಲಾರ್ ಪ್ಯಾನೆಲ್ಲೇ ಶೇ 20ರ ಆಸುಪಾಸಿನಲ್ಲಿರುವಾಗ ಇದು ಹೇಗೆ ಸಾಧ್ಯ?

ಶುರುವಾದದ್ದು 1956ರಲ್ಲಿ. ಅಮೆರಿಕದ ಎಂಐಟಿಯ ಲಿಂಕನ್ ಪ್ರಯೋಗಾಲಯದಲ್ಲಿ ಹೆನ್ರಿ ಕೋಲ್ಮ್ ಒಂದು ಲಾಂದ್ರದ ಮ್ಯಾಂಟಲ್ (ಉರಿಯ ಸುತ್ತ ಬೆಳ್ಳಗೆ ಹೊಳೆಯುವ ಬಲೆಚೀಲ) ಎದುರು ಸಿಲಿಕಾನ್ ಸೆಲ್ ಇಟ್ಟು ಕರೆಂಟು ಪಡೆದರು. ಹಿಂದೆ ನಮ್ಮ ಯಕ್ಷಗಾನದ ರಂಗಸ್ಥಳ ಬೆಳಗುತ್ತಿದ್ದ ಗ್ಯಾಸ್‌ಲೈಟಿನಲ್ಲೂ ಅಂಥದೇ ಮ್ಯಾಂಟಲ್ ಇರುತ್ತಿತ್ತು. ಕರೆಂಟು ಹುಟ್ಟಿಸಲು ಬೆಳಕಿನ ಕಣದಲ್ಲಿ ಇರಲೇಬೇಕಾದ ಕನಿಷ್ಠ ಶಕ್ತಿಯೇ ಸೆಲ್ಲಿನ ಹೊಸ್ತಿಲು. ಆದರೆ ಸಿಲಿಕಾನಿನ ಹೊಸ್ತಿಲು ಎತ್ತರ, 1.1 ಎಲೆಕ್ಟ್ರಾನ್ ವೋಲ್ಟ್. ಬೆಂಕಿಯ ಬೆಳಕಿನಲ್ಲಿ ಹೆಚ್ಚಿನ ಪಾಲು ಅದನ್ನು ದಾಟುವುದಿಲ್ಲ. 1980ರ ದಶಕದ ಕೊನೆಗೆ ಸುಮಾರು 0.7ರ ಹೊಸ್ತಿಲಿನ ಗ್ಯಾಲಿಯಮ್ ಆಂಟಿಮೊನೈಡ್ ಸೆಲ್ ಬಂತು. ಆಮೇಲೆ ಬಹಳ ವರ್ಷ ಗಮನವೆಲ್ಲ ಹೊಸ್ತಿಲು ತಗ್ಗಿಸುವುದರ ಮೇಲೇ ಇತ್ತು.

ಹೊಸ್ತಿಲು ದಾಟದ ಬೆಳಕು ಎಲ್ಲಿಗೆ ಹೋಗುತ್ತದೆ? ಕಥೆ ತಿರುಗುವುದು ಈ ಪ್ರಶ್ನೆಯಲ್ಲಿ. ಸುಮ್ನೆ ಬಿಟ್ಟರೆ ಅದು ಸೆಲ್ಲಿನ ಬೆನ್ನಿಗೆ ತಾಗಿ, ಅಲ್ಲೇ ಬಿಸಿಯಾಗಿ ಹಾಳಾಗುತ್ತದೆ. ಬೆನ್ನಿಗೊಂದು ಕನ್ನಡಿ ಇಟ್ಟರೆ ಬೆಳಕು ಕೊಟ್ಟ ಕುಲುಮೆಗೇ ವಾಪಸ್ ಹೋಗಿ, ಅದನ್ನು ಬಿಸಿಯಾಗಿಡುತ್ತದೆ. ಕಾರವಾರದ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರಿ ಬಂಗಡೆಯನ್ನು ಕಡಲಿಗೇ ಬಿಟ್ಟರೆ ಮುಂದೆ ದೊಡ್ಡದಾಗಿ ಬಲೆಗೆ ಬೀಳುತ್ತದೆ. ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಸ್ವಾನ್ಸನ್ 1970ರ ದಶಕದ ಕೊನೆಗೇ ಈ ಕನ್ನಡಿಯ ದಾರಿ ಹಿಡಿದಿದ್ದರು. ಅದಕ್ಕೆ ಸಿಗಬೇಕಾದ ಗಮನ ಇನ್ನೂ ಬೇಗ ಸಿಗಬೇಕಿತ್ತು.

2019ರಲ್ಲಿ ಬರ್ಕ್ಲಿಯ ತಂಡ ಒಳ್ಳೆಯ ಕನ್ನಡಿ ಕೂರಿಸಿ, 1207 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಶೇ 29.1 ಮುಟ್ಟಿತು. ಮರುವರ್ಷ ಮಿಶಿಗನ್ ವಿಶ್ವವಿದ್ಯಾಲಯದವರು ಸೆಲ್ಲಿಗೂ ಚಿನ್ನದ ಕನ್ನಡಿಗೂ ನಡುವೆ ತೆಳುವಾದ ಗಾಳಿಯ ಸಂದು ಬಿಟ್ಟರು. ಬೇಡದ ಬೆಳಕಿನಲ್ಲಿ ಸುಮಾರು ಶೇ 99 ವಾಪಸ್ ಹೋಯಿತು. ಮೊದಲಿನ ಕನ್ನಡಿಯ ಸುಮಾರು ಶೇ 95ರಿಂದ 99ಕ್ಕೆ ಅಂದರೆ ಅಲ್ಪ ಅನ್ನಿಸಬಹುದು. ಆದರೆ ನಷ್ಟ ಐದರಿಂದ ಒಂದಕ್ಕೆ ಇಳಿದಂತಾಯಿತು, ಅಲ್ವಾ? 2022ರಲ್ಲಿ ಎಂಐಟಿ ಮತ್ತು ಎನ್‌ಆರ್‌ಇಎಲ್ (ಅಮೆರಿಕದ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ) ತಂಡ 2400 ಡಿಗ್ರಿಯಲ್ಲಿ ಶೇ 41.1 ತಲುಪಿತು. ಅದರ ಸೆಲ್ಲಿನಲ್ಲಿ ಎರಡು ಪದರ: ಮೇಲಿನದು ಬಲವಾದ ಬೆಳಕು ಹಿಡಿದರೆ, ಕೆಳಗಿನದು ಉಳಿದದ್ದನ್ನು ಹಿಡಿಯುತ್ತದೆ. 2024ರಲ್ಲಿ ಮಿಶಿಗನ್ 1435 ಡಿಗ್ರಿಯಲ್ಲೇ ಶೇ 44 ಮಾಡಿತು. ನನಗೆ ದೊಡ್ಡದಾಗಿ ಕಾಣುವುದು ಇದೇ. ಬಿಸಿ ಕಡಿಮೆಯಾದಷ್ಟೂ ಕುಲುಮೆ ಕಟ್ಟುವುದು, ಬಾಳಿಸುವುದು ಸುಲಭ.

ಒಂದು ಎಚ್ಚರಿಕೆ. ಇವು ಸೆಲ್ ಹೀರಿದ ಶಾಖದ ಲೆಕ್ಕ. ಕುಲುಮೆಯ ಗೋಡೆಯಲ್ಲಿ ಸೋರಿದ್ದು, ಹೊಗೆಯಲ್ಲಿ ಹೋದದ್ದು ಇದರಲ್ಲಿ ಸೇರಿಲ್ಲ. ಹಾಗಾಗಿ ಪ್ಯಾನೆಲ್ಲಿನ ಶೇ 20ರ ಪಕ್ಕ ಇದನ್ನಿಟ್ಟು ತೂಗುವುದು ಸರಿಯಲ್ಲ.

ಕೈಗಾದಲ್ಲಿ ಶಾಖದಿಂದ ಉಗಿ ಮಾಡಿ, ಉಗಿಯಿಂದ ಟರ್ಬೈನ್ ತಿರುಗಿಸುತ್ತಾರೆ. ಅಲ್ಲಿಯ ಬಿಸಿ ಟಿಪಿವಿಗೆ ಸಾಲದು. ಆಲೆಮನೆ ಒಲೆಯ ಕೆಂಪೂ ಸಾಲದು. ಇದರ ನಿಜವಾದ ಜಾಗ ಬೇರೆ: ಬಿಸಿಲಿದ್ದಾಗ ಸೋಲಾರ್ ಕರೆಂಟಿನಿಂದ ಗ್ರಾಫೈಟ್ ದಿಮ್ಮಿಗಳನ್ನು ಬೆಳ್ಳಗೆ ಕಾಯಿಸಿಟ್ಟು, ಬೇಕಾದಾಗ ಆ ಹೊಳಪನ್ನು ಸೆಲ್ಲಿಗೆ ತೋರಿಸುವುದು. ರಾತ್ರಿಗೆ, ಮೋಡದ ಒಂದೆರಡು ದಿನಕ್ಕೆ ಅದು ಸಾಕಾದೀತು. ವಾರಗಟ್ಟಲೆ ಸೂರ್ಯ ಕಾಣದ ನಮ್ಮ ಆಷಾಢಕ್ಕೆ ಸಾಲುವುದಿಲ್ಲ.