ಸಾರಜನಕ ತಿನ್ನುವ ಕಣದಂಗ ನಮ್ಮೊಳಗಿದ್ದರೆ?

ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಗೆ ಅಡಿಪಾಯ ತೋಡಲು ಕೆಲಸಗಾರರು ನದಿಯ ತಳಕ್ಕೆ ಇಳಿಯುತ್ತಿದ್ದರು. ಅಲ್ಲಿ ಒತ್ತಡದ ಗಾಳಿ ತುಂಬಿದ ದೊಡ್ಡ ಪೆಟ್ಟಿಗೆಯೊಳಗೆ ಕೆಲಸ. ಮೇಲೆ ಬಂದ ಮೇಲೆ ಕೆಲವರಿಗೆ ಕೀಲುಕೀಲಿನಲ್ಲಿ ನೋವು, ಕೆಲವರಿಗೆ ಕಾಲಿನ ಸ್ವಾಧೀನವೇ ಇಲ್ಲ. 1872ರಲ್ಲಿ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ ಹಾಸಿಗೆ ಹಿಡಿದರು. ಇಂದಿನ ಸ್ಕೂಬಾ ಡೈವರ್‌ಗಳು ಬೆಂಡ್ಸ್ ಅಂತ ಹೆದರುವುದು ಇದೇ ಕಾಯಿಲೆಗೆ.

ಕಾರಣ ಸರಳ. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಇನ್ನೊಂದು ವಾತಾವರಣದಷ್ಟು ಏರುತ್ತದೆ. ಉಸಿರಾಡಿದ ಸಾರಜನಕವೂ ಅದೇ ಲೆಕ್ಕದಲ್ಲಿ ಜಾಸ್ತಿ ಕರಗುತ್ತದೆ. ಬೇಗ ಮೇಲೆ ಬಂದರೆ ಅದು ರಕ್ತದಲ್ಲಿ, ಅಂಗಾಂಶಗಳಲ್ಲಿ ಗುಳ್ಳೆಯಾಗುತ್ತದೆ. ಹಾಗಾಗಿ ನಿಂತು ನಿಂತು, ನಿಧಾನವಾಗಿ ಏರಬೇಕು.

ಈ ಕಾಯುವಿಕೆ ತಪ್ಪಿಸುವ ಒಂದು ಕಣದಂಗವನ್ನು, ಅಂದರೆ ಜೀವಕೋಶದೊಳಗಿನ ಪುಟ್ಟ ಅಂಗವನ್ನು, ಕಲ್ಪಿಸಿಕೊಳ್ಳೋಣ. ನೆಲದ ಮೇಲಿರುವ ನಮ್ಮ ದೇಹದಲ್ಲಿ ಸುಮಾರು 1 ಲೀಟರ್ ಸಾರಜನಕ ಕರಗಿರುತ್ತದೆ. 30 ಮೀಟರ್ ಆಳದಲ್ಲಿ ಬಹಳ ಹೊತ್ತು ಇದ್ದರೆ ಅದು 4 ಲೀಟರ್‌ವರೆಗೆ ಹೋಗಬಹುದು. ನಮ್ಮ ಕಣದಂಗ ನಿಭಾಯಿಸಬೇಕಾದದ್ದು ಹೆಚ್ಚುವರಿ 3 ಲೀಟರ್.

ಅದನ್ನು ಎಲ್ಲಾದರೂ ತುಂಬಿಡಬಹುದಾ? ಕೆರೆಯಲ್ಲಿ ತೇಲುವ ಕೆಲವು ಸೈನೋಬ್ಯಾಕ್ಟೀರಿಯಾಗಳಲ್ಲಿ ಪ್ರೋಟೀನಿನ ಗೋಡೆಯ ಪುಟ್ಟ ಗಾಳಿಕೋಶಗಳಿವೆ. ಆದರೆ ಮೇಲೆ ಬಂದಾಗ 3 ಲೀಟರ್ ಅನಿಲಕ್ಕೆ 3 ಲೀಟರ್ ಜಾಗವೇ ಬೇಕು. ಆಗದ ಮಾತು.

ಹಾಗಾದರೆ ತಿಂದೇ ಮುಗಿಸಬೇಕು. ಇದು ಬರೀ ಕನಸಲ್ಲ. ಸಮುದ್ರದ ಒಂದು ಪಾಚಿಯೊಳಗೆ ಸಾರಜನಕವನ್ನು ಅಮೋನಿಯಾ ಮಾಡುವ ನೈಟ್ರೋಪ್ಲಾಸ್ಟ್ ಎಂಬ ಕಣದಂಗ ಇದೆ ಎಂದು 2024ರಲ್ಲಿ ವಿಜ್ಞಾನಿಗಳು ತೋರಿಸಿದರು. ಅದರ ಪೂರ್ವಜ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಾ. ಒಂದು ಸಾರಜನಕ ಅಣುವಿಗೆ ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯ 16 ಅಣುಗಳ ಖರ್ಚು. ದುಬಾರಿ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿದರೆ 3 ಲೀಟರಿಗೆ ಸುಮಾರು 2 ಮೋಲ್ ಎಟಿಪಿ. ಸುಮ್ನೆ ಕೂತ ದೇಹವೂ ಅರ್ಧ ಗಂಟೆಯ ಆಸುಪಾಸಿನಲ್ಲಿ ಅಷ್ಟು ಬಳಸುತ್ತದೆ. ಅಡ್ಡಿ ಇರುವುದು ಶಕ್ತಿಯಲ್ಲಲ್ಲ.

ಮೊದಲ ಅಡ್ಡಿ ಆಮ್ಲಜನಕ. ಅದು ತಾಗಿದರೆ ಸಾರಜನಕವನ್ನು ಅಮೋನಿಯಾ ಮಾಡುವ ನೈಟ್ರೋಜಿನೇಸ್ ಎಂಬ ಕಿಣ್ವ ಕೆಟ್ಟುಹೋಗುತ್ತದೆ. ಶೇಂಗಾ ಗಿಡ ಕಿತ್ತು, ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು. ಆಮ್ಲಜನಕವನ್ನು ಹಿಡಿದಿಟ್ಟು, ಕಿಣ್ವವನ್ನು ಕಾಯುವ ಲೆಗ್‌ಹಿಮೋಗ್ಲೋಬಿನ್‌ನ ಬಣ್ಣ ಅದು. ನಮ್ಮ ಕಣದಂಗದ ಸುತ್ತಲೂ ಅಂಥದ್ದೊಂದು ಕಾವಲು ಬೇಕು.

ಎರಡನೆಯದು ಇನ್ನೂ ಕಷ್ಟದ್ದು. ಪ್ರತಿ ಸಾರಜನಕ ಅಣುವಿಗೆ ಈ ಕಿಣ್ವ ಕನಿಷ್ಠ ಒಂದು ಜಲಜನಕ ಅಣುವನ್ನು ಹೊರಬಿಡುತ್ತದೆ. 3 ಲೀಟರ್ ಸಾರಜನಕ ಹೋಯಿತು, 3 ಲೀಟರ್ ಜಲಜನಕ ಬಂತು! ಅದೂ ಗುಳ್ಳೆಯಾಗಬಲ್ಲದು. ಬೇರುಗಂಟಿನ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜಿನೇಸ್ ಎಂಬ ಕಿಣ್ವದಿಂದ ಈ ಜಲಜನಕವನ್ನು ಮತ್ತೆ ಬಳಸಿಕೊಳ್ಳುತ್ತವೆ. ಅದನ್ನೂ ಸೇರಿಸಲೇಬೇಕು.

ಇದನ್ನೆಲ್ಲ ಯಾವ ಜೀವಕೋಶದಲ್ಲಿ ಇಡುವುದು? ಕೊಬ್ಬಿನಲ್ಲಿ ಸಾರಜನಕ ಜಾಸ್ತಿ ಕರಗುತ್ತದೆ, ನಿಜ. ಆದರೂ ನಾನು ಆರಿಸುವುದು ಲಿವರ್. ಹುಟ್ಟುವ 4 ಗ್ರಾಂನಷ್ಟು ಅಮೋನಿಯಾ ಮಿದುಳಿಗೆ ವಿಷ. ಲಿವರ್ ಅದನ್ನು ಅಲ್ಲೇ ಯೂರಿಯಾ ಮಾಡಿಬಿಡುತ್ತದೆ. ಹೃದಯ ಪಂಪು ಮಾಡುವ ರಕ್ತದಲ್ಲಿ ಸುಮಾರು ಕಾಲು ಭಾಗ ಅದರ ಮೂಲಕವೇ ಹಾಯುತ್ತದೆ.

ಒಂದೇ ಅಂಗದಲ್ಲಿ ಅನಿಲ ತೆಗೆದರೆ ಇಡೀ ದೇಹಕ್ಕೆ ಸಾಕಾ? 1998ರಲ್ಲಿ ಪ್ರಕಟವಾದ ಅಮೆರಿಕದ ನೌಕಾಪಡೆಯ ಸಂಶೋಧಕರ ಪ್ರಯೋಗವೊಂದು ಭರವಸೆ ಕೊಡುತ್ತದೆ. ಒತ್ತಡದ ಕೋಣೆಯಲ್ಲಿ ಜಲಜನಕ ಬೆರೆಸಿದ ಅನಿಲ ಉಸಿರಾಡುವ ಇಲಿಗಳ ಕರುಳಿಗೆ ಅವರು ಜಲಜನಕ ತಿಂದು ಮೀಥೇನ್ ಬಿಡುವ ಸೂಕ್ಷ್ಮಜೀವಿಗಳನ್ನು ಸೇರಿಸಿದರು. ನಾಲ್ಕು ಜಲಜನಕ ಅಣುಗಳಿಗೆ ಒಂದು ಮೀಥೇನ್. ಅನಿಲ ಖಾಲಿಯಾದದ್ದು ಕರುಳಿನಲ್ಲಿ ಮಾತ್ರ. ಆದರೂ ಬೆಂಡ್ಸ್ ಬಂದ ಇಲಿಗಳ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.