ಖಾಲಿ ಜಾಗಕ್ಕೆ ತೂಕವಿಲ್ಲ: ಅಮೆರಿಕದ ಮಸಲ್ ಕಾರುಗಳು ಮತ್ತು ಪುಶ್‌ರಾಡ್

ಮಸಲ್ ಕಾರು ಅಂದರೆ ದೊಡ್ಡ ವಿ8 ಎಂಜಿನ್ (ವಿ ಆಕಾರದಲ್ಲಿ ಎಂಟು ಸಿಲಿಂಡರ್) ಇರುವ ಅಮೆರಿಕದ ಜೋರು ಕಾರು. ಉದಾಹರಣೆಗೆ 2011ರ ಫೋರ್ಡ್ ಮಸ್ಟಾಂಗ್ ಜಿಟಿ ತಗೊಳ್ಳಿ. 5 ಲೀಟರ್ ವಿ8, ನಾಲ್ಕು ಕ್ಯಾಮ್‌ಶಾಫ್ಟ್, 32 ವಾಲ್ವ್, 412 ಹಾರ್ಸ್‌ಪವರ್. ಅದೇ ಕಾಲದ ಷೆವರ್ಲೆ ಕ್ಯಾಮರೊ ಎಸ್‌ಎಸ್: 6.2 ಲೀಟರ್ ವಿ8, ಒಂದೇ ಕ್ಯಾಮ್‌ಶಾಫ್ಟ್, 16 ವಾಲ್ವ್, ಗೇರ್ ನಾವೇ ಹಾಕುವ ಮಾಡೆಲ್ಲಿನಲ್ಲಿ 426 ಹಾರ್ಸ್‌ಪವರ್. ಇವೆರಡನ್ನು ಪಕ್ಕಪಕ್ಕ ಇಟ್ಟರೆ ಸಾಕು, ಜಗಳ ಶುರು. ಲೀಟರಿಗೆ ಲೆಕ್ಕ ಹಾಕಿದರೆ ಫೋರ್ಡ್ 82, ಷೆವಿ 69, ಆದ್ದರಿಂದ ಷೆವಿಯಲ್ಲಿರುವ ಪುಶ್‌ರಾಡ್ ಅನ್ನೋದು ಹಳೇ ಕಾಲದ ತಂತ್ರ, ಫೋರ್ಡಿನ ಓವರ್‌ಹೆಡ್ ಕ್ಯಾಮ್ ಹೊಸದು ಅಂತ ತುಂಬಾ ಜನ ಅಲ್ಲಿಗೇ ತೀರ್ಪು ಕೊಟ್ಟುಬಿಡುತ್ತಾರೆ. ಆ ತೀರ್ಪು ತಪ್ಪು ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಎಂಜಿನ್ ಉಸಿರಾಡುವುದು ವಾಲ್ವ್‌ಗಳಿಂದ. ಅವುಗಳನ್ನು ತೆರೆಯುವುದು ಕ್ಯಾಮ್‌ಶಾಫ್ಟ್, ಅಂದರೆ ಮೊಟ್ಟೆಯ ಆಕಾರದ ಉಬ್ಬುಗಳಿರುವ ಒಂದು ದಂಡ. ಪುಶ್‌ರಾಡ್ ವಿ8ನಲ್ಲಿ ಈ ದಂಡ ಕೆಳಗೆ, ಬ್ಲಾಕಿನ ನಡುವೆ ಮಲಗಿರುತ್ತದೆ. ಅದರ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಒಂದು ಉದ್ದನೆಯ ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತದೆ, ಕಡ್ಡಿ ರಾಕರ್ ಅನ್ನು ಎತ್ತುತ್ತದೆ, ರಾಕರಿನ ಇನ್ನೊಂದು ತುದಿ ಏತದ ಹಾಗೆ ಬಾಗಿ ವಾಲ್ವನ್ನು ಒತ್ತುತ್ತದೆ. ಹಳೇ ಬುಲೆಟ್ ಬೈಕಿನ ಟ್ಯಾಪೆಟ್ ಅಡ್ಜಸ್ಟ್ ಮಾಡುವುದನ್ನು ನೋಡಿದವರಿಗೆ ಈ ಕಡ್ಡಿ ಗೊತ್ತೇ ಇರುತ್ತದೆ. ಓವರ್‌ಹೆಡ್ ಕ್ಯಾಮ್‌ನಲ್ಲಿ ಇಷ್ಟೆಲ್ಲಾ ಇಲ್ಲ. ಕ್ಯಾಮ್‌ಶಾಫ್ಟ್ ಮೇಲೆ, ಸಿಲಿಂಡರುಗಳನ್ನು ಮುಚ್ಚುವ ಹೆಡ್‌ನಲ್ಲೇ, ವಾಲ್ವಿನ ಪಕ್ಕದಲ್ಲೇ ಕೂತಿರುತ್ತದೆ. ಬುಲೆಟ್ ಕೂಡ ಈಗ ಹೀಗೇ ಆಗಿದೆ.

ಇದರಿಂದ ಏನು ವ್ಯತ್ಯಾಸ? 6,000 ಆರ್‌ಪಿಎಂನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ತೆರೆಯುವುದು ಕ್ಯಾಮ್, ಆದರೆ ಮುಚ್ಚುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ವಾಲ್ವನ್ನಷ್ಟೇ ಅಲ್ಲ, ರಾಕರ್, ಕಡ್ಡಿ, ಟ್ಯಾಪೆಟ್ ಎಲ್ಲವನ್ನೂ ವಾಪಸ್ ತಳ್ಳಬೇಕು. ವೇಗ ಎರಡು ಪಟ್ಟಾದರೆ ಅದಕ್ಕೆ ಬೇಕಾಗುವ ಬಲ ನಾಲ್ಕು ಪಟ್ಟಾಗುತ್ತದೆ. ಒಂದು ಹಂತ ದಾಟಿದ ಮೇಲೆ ಸ್ಪ್ರಿಂಗ್ ಸೋಲುತ್ತದೆ, ವಾಲ್ವ್ ಕ್ಯಾಮಿನ ಮಾತು ಕೇಳದೆ ತೇಲಲು ಶುರು ಮಾಡುತ್ತದೆ, ಕೆಲವೊಮ್ಮೆ ಪಿಸ್ಟನ್ನಿಗೇ ಬಡಿಯುತ್ತದೆ. ಪುಶ್‌ರಾಡ್ ಎಂಜಿನ್ನನ್ನು ತುಂಬಾ ಜೋರಾಗಿ ತಿರುಗಿಸುವುದು ಕಷ್ಟ ಅನ್ನೋದಕ್ಕೆ ಇದೇ ಕಾರಣ. 2006ರ ಷೆವಿ ಸ್ಪೋರ್ಟ್ಸ್ ಕಾರು ಕಾರ್ವೆಟ್ ಝಡ್06ರ 7 ಲೀಟರ್ ಪುಶ್‌ರಾಡ್ ಎಂಜಿನ್ 7,000 ಆರ್‌ಪಿಎಂ ಮುಟ್ಟಿತು ನಿಜ, ಆದರೆ ಅದಕ್ಕೆ ಗಾಳಿ ಒಳಬಿಡುವ ವಾಲ್ವ್‌ಗಳನ್ನೂ ಕನೆಕ್ಟಿಂಗ್ ರಾಡ್‌ಗಳನ್ನೂ ಹಗುರವಾದ ಟೈಟಾನಿಯಂನಲ್ಲಿ ಮಾಡಬೇಕಾಯಿತು.

ಕ್ಯಾಮ್ ಮೇಲಿದ್ದರೆ ಇನ್ನೂ ಒಂದು ಅನುಕೂಲ ಇದೆ. ಸಿಲಿಂಡರಿಗೆ ನಾಲ್ಕು ವಾಲ್ವ್ ಸುಲಭವಾಗಿ ಕೂಡಿಸಬಹುದು, ಗಾಳಿ ಒಳಬಿಡುವ ಮತ್ತು ಹೊಗೆ ಹೊರಬಿಡುವ ವಾಲ್ವ್‌ಗಳ ಟೈಮಿಂಗನ್ನು, ಅಂದರೆ ತೆರೆಯುವ ಮುಚ್ಚುವ ಹೊತ್ತನ್ನು, ಬೇರೆಬೇರೆಯಾಗಿ ಬದಲಿಸಬಹುದು. ಪುಶ್‌ರಾಡ್‌ನಲ್ಲಿ ಸಾಮಾನ್ಯವಾಗಿ ಒಂದೇ ದಂಡ, ಹಾಗಾಗಿ ಎರಡೂ ಒಟ್ಟಿಗೇ ಸರಿಯುತ್ತವೆ. 2008ರ ಡಾಡ್ಜ್ ವೈಪರ್ ಮಾತ್ರ ಕ್ಯಾಮ್‌ನೊಳಗೆ ಇನ್ನೊಂದು ಕ್ಯಾಮ್ ತೂರಿಸಿ ಈ ತೊಡಕನ್ನು ಬಿಡಿಸಿಕೊಂಡಿತು. ನನಗಂತೂ ಅದು ತುಂಬಾ ಇಷ್ಟವಾದ ಉಪಾಯ.

ಹಾಗಾದರೆ ಓವರ್‌ಹೆಡ್ ಕ್ಯಾಮ್ ಗೆದ್ದಂತೆ ಅಲ್ವಾ? ಲೀಟರಿನ ಲೆಕ್ಕದಲ್ಲಿ ಹೌದು. ಆದರೆ ಲೀಟರ್ ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಅದು ಪಿಸ್ಟನ್ ಓಡಾಡುವ ಖಾಲಿ ಜಾಗ. ಖಾಲಿ ಜಾಗಕ್ಕೆ ತೂಕವಿಲ್ಲ. ತೂಕ ಇರುವುದು ಅದರ ಸುತ್ತಲಿನ ಲೋಹಕ್ಕೆ, ಬಾನೆಟ್ ಕೆಳಗೆ ಜಾಗ ತಿನ್ನುವುದು ಎಂಜಿನ್ನಿನ ಹೊರ ಅಳತೆ. ವಿ8ಗೆ ಎರಡು ಹೆಡ್, ಪ್ರತಿ ಹೆಡ್ ಮೇಲೆ ಎರಡು ಕ್ಯಾಮ್, ಅವನ್ನು ತಿರುಗಿಸಲು ಉದ್ದದ ಚೈನ್‌ಗಳು: ಇದೆಲ್ಲ ಸೇರಿ ಎಂಜಿನ್ ಮೇಲ್ಗಡೆ ಅಗಲವಾಗುತ್ತದೆ, ಭಾರವೂ ಮೇಲಕ್ಕೆ ಹೋಗುತ್ತದೆ. ಫೋರ್ಡಿನ 5 ಲೀಟರ್ ಎಂಜಿನ್ ಷೆವಿಯ 6.2 ಲೀಟರ್ ಎಂಜಿನ್ನಿಗಿಂತ ಅಗಲ! ಪುಟಾಣಿ ಮಾಜ್ದಾ ಮಿಯಾಟಾದೊಳಗೆ ಕೂಡ ಅಮೆರಿಕದ ಹವ್ಯಾಸಿಗಳು ಷೆವಿಯ ಎಲ್‌ಎಸ್ ಪುಶ್‌ರಾಡ್ ವಿ8 ಕೂರಿಸುವುದು ಸುಮ್ನೆ ಅಲ್ಲ, ಅದು ಆ ಜಾಗದಲ್ಲಿ ಕೂರುತ್ತದೆ.

ಲೀಟರಿನ ಲೆಕ್ಕಕ್ಕೆ ಇಷ್ಟು ಬೆಲೆ ಬಂದದ್ದು ಎಂಜಿನಿಯರಿಂಗ್‌ನಿಂದಷ್ಟೇ ಅಲ್ಲ, ತೆರಿಗೆಯಿಂದಲೂ. ಜಪಾನಿನಲ್ಲಿ ಸಿಸಿ ನೋಡಿ ತೆರಿಗೆ ಹಾಕುತ್ತಾರೆ. ನಮ್ಮಲ್ಲೂ ಪೆಟ್ರೋಲ್ ಕಾರಿಗೆ 1200 ಸಿಸಿಯ ಗೆರೆ ಇದೆ. ಹಾಗಿದ್ದಾಗ ಇರುವ ಸಿಸಿಯಿಂದಲೇ ಎಲ್ಲವನ್ನೂ ಹಿಂಡಬೇಕು. ಅಮೆರಿಕದಲ್ಲಿ ಅಂಥ ಕಟ್ಟು ಇರಲಿಲ್ಲ, ಪೆಟ್ರೋಲೂ ಅಗ್ಗ. ಹೆಚ್ಚು ಶಕ್ತಿ ಬೇಕೆಂದರೆ ಸಿಲಿಂಡರನ್ನೇ ದೊಡ್ಡದು ಮಾಡಿದರು.

ಇನ್ನು ಹಳತು ಹೊಸತು ಅನ್ನೋ ಮಾತು. ಎರಡು ಓವರ್‌ಹೆಡ್ ಕ್ಯಾಮ್, ಸಿಲಿಂಡರಿಗೆ ನಾಲ್ಕು ವಾಲ್ವ್ ಇದ್ದ ಪೂಜೊ ರೇಸ್ ಕಾರು ಓಡಿದ್ದು 1912ರಲ್ಲಿ. ಷೆವಿಯ ಪ್ರಸಿದ್ಧ ಸ್ಮಾಲ್ ಬ್ಲಾಕ್ ಪುಶ್‌ರಾಡ್ ವಿ8 ಬಂದದ್ದು 1955ರಲ್ಲಿ. ಯಾವುದು ಹಳೆಯದು ಹೇಳಿ! ಮಸಲ್ ಕಾರುಗಳ ಹೊತ್ತಿನಲ್ಲೇ, ಅಮೆರಿಕದ ಕಾರು ಕಂಪನಿಗಳ ಊರಾದ ಡೆಟ್ರಾಯಿಟ್ ಓವರ್‌ಹೆಡ್ ಕ್ಯಾಮ್‌ಗೂ ಕೈ ಹಾಕಿತ್ತು. 1964ರ ಡೇಟೋನಾ 500 ರೇಸಿನಲ್ಲಿ ರಿಚರ್ಡ್ ಪೆಟಿ ಕ್ರೈಸ್ಲರಿನ 426 ಹೆಮಿ ಎಂಜಿನ್ನಿನಿಂದ (ಈ ಸಂಖ್ಯೆ ಘನ ಇಂಚಿನಲ್ಲಿ ಎಂಜಿನ್ ಗಾತ್ರ, ಸುಮಾರು 7 ಲೀಟರ್) ಗೆದ್ದಾಗ ಫೋರ್ಡ್ ತನ್ನ 427 ಎಂಜಿನ್ನಿನ ಎರಡೂ ಹೆಡ್ ಮೇಲೆ ಒಂದೊಂದು ಕ್ಯಾಮ್ ಕೂರಿಸಿ ಉತ್ತರ ಕೊಡಲು ಹೊರಟಿತು. ಜನ ಅದನ್ನು ಕ್ಯಾಮರ್ ಅಂತ ಕರೆದರು. 600 ಹಾರ್ಸ್‌ಪವರ್ ದಾಟಿತ್ತು. ಅದರ ಟೈಮಿಂಗ್ ಚೈನ್ ಸುಮಾರು ಆರಡಿ, ಒಬ್ಬ ಮನುಷ್ಯನಷ್ಟು ಉದ್ದ. ಅಷ್ಟುದ್ದದ ಚೈನ್ ಸ್ವಲ್ಪ ಸಡಿಲವಾದರೂ ಎಡ ಬಲದ ಕ್ಯಾಮ್‌ಗಳ ಟೈಮಿಂಗ್ ಹೊಂದುವುದಿಲ್ಲ, ಹಾಗಾಗಿ ರೇಸಿನವರು ಮೊದಲೇ ಒಂದು ಕಡೆಯದನ್ನು ಕೆಲವು ಡಿಗ್ರಿ ಸರಿಸಿ ಜೋಡಿಸುತ್ತಿದ್ದರು. ಆ ರೇಸುಗಳನ್ನು ನಡೆಸುವ ನ್ಯಾಸ್‌ಕಾರ್ ಸಂಸ್ಥೆ ಅದನ್ನು ಒಳಗೆ ಬಿಡಲಿಲ್ಲ. ಕೊನೆಗೆ ಅದು ಹೆಸರು ಮಾಡಿದ್ದು ಡ್ರ್ಯಾಗ್ ರೇಸಿನಲ್ಲಿ.

ನನ್ನ ಪ್ರಕಾರ ಈ ಇಡೀ ವಾದಕ್ಕೆ ಒಳ್ಳೆಯ ಪಾಠ ಒಂದೇ ಕಾರಿನಲ್ಲಿದೆ, ಈಗಿನ ಕಾರ್ವೆಟ್. 2020ರಲ್ಲಿ ಬಂದ ಸ್ಟಿಂಗ್‌ರೇ ಮಾಡೆಲ್ಲಿಗೆ 6.2 ಲೀಟರ್ ಪುಶ್‌ರಾಡ್, 490 ಹಾರ್ಸ್‌ಪವರ್. 2023ರಲ್ಲಿ ಬಂದ ಝಡ್06ಗೆ 5.5 ಲೀಟರ್, ನಾಲ್ಕು ಓವರ್‌ಹೆಡ್ ಕ್ಯಾಮ್, 670 ಹಾರ್ಸ್‌ಪವರ್. ಈಗ ಟಾರ್ಕ್, ಅಂದರೆ ತಿರುಚುವ ಬಲ ನೋಡಿ: ಮೊದಲನೆಯದು ಸುಮಾರು 630 ನ್ಯೂಟನ್ ಮೀಟರ್, ಎರಡನೆಯದು ಸುಮಾರು 624. ಹೆಚ್ಚು ಕಡಿಮೆ ಒಂದೇ! ಒಂದೊಂದು ಸುತ್ತಿಗೆ ಎರಡೂ ಅಷ್ಟೇ ಗಟ್ಟಿಯಾಗಿ ತಿರುಚುತ್ತವೆ. ಶಕ್ತಿ ಅಂದರೆ ಟಾರ್ಕ್ ಗುಣಿಸು ವೇಗ. ಪುಶ್‌ರಾಡ್ ತನ್ನ ಪೂರ್ತಿ ಶಕ್ತಿ ಕೊಡುವುದು 6,450 ಆರ್‌ಪಿಎಂನಲ್ಲಿ, ಇನ್ನೊಂದು 8,400ರಲ್ಲಿ. ಆ 180 ಹಾರ್ಸ್‌ಪವರ್ ಬಂದದ್ದು ಹೀಗೆ, ಹೆಚ್ಚು ಜೋರಾಗಿ ತಿರುಗಿಯೂ ಅಲ್ಲಿ ಉಸಿರು ಕಟ್ಟದೆ ಇದ್ದದ್ದರಿಂದ. ರೇಸ್ ಟ್ರ್ಯಾಕಿನಲ್ಲಿ ಅದಕ್ಕೆ ಬೆಲೆ ಇದೆ. ದಿನಾ ಆಫೀಸಿಗೆ ಹೋಗುವವನು ವರ್ಷಕ್ಕೆ ಎಷ್ಟು ಸಲ 8,400 ಮುಟ್ಟುತ್ತಾನೆ? ಅವನಿಗೆ 2,000ದಲ್ಲೇ ಬೆನ್ನಿಗೆ ಒದ್ದ ಹಾಗೆ ಎಳೆಯುವ ದೊಡ್ಡ ಪುಶ್‌ರಾಡೇ ಹೆಚ್ಚು ಖುಷಿ ಕೊಡುತ್ತದೆ.

ಮಸಲ್ ಕಾರಿನ ಸದ್ದಿನ ಬಗ್ಗೆಯೂ ಹೇಳಲೇಬೇಕು. ಸಿಗ್ನಲ್ಲಿನಲ್ಲಿ ನಿಂತ ಹಳೇ ಮಸಲ್ ಕಾರು ಗುಡುಗುಡು, ಸ್ವಲ್ಪ ತಡೆದು ಮತ್ತೆ ಗುಡುಗುಡು ಅನ್ನುತ್ತದಲ್ಲ, ಅದು ಕೆಟ್ಟ ಟ್ಯೂನಿಂಗ್ ಅಲ್ಲ. ಸಿಲಿಂಡರಿಗೆ ಎರಡೇ ವಾಲ್ವ್ ಇದ್ದು, ಮೇಲಿನ ವೇಗದಲ್ಲಿ ಗಾಳಿ ಸಾಕಷ್ಟು ಬೇಕೆಂದರೆ ಅವನ್ನು ಜಾಸ್ತಿ ಹೊತ್ತು ತೆರೆದಿಡುವ ಕ್ಯಾಮ್ ಹಾಕಬೇಕು. ಆಗ ಗಾಳಿ ಒಳಬಿಡುವ ವಾಲ್ವ್, ಹೊಗೆ ಹೊರಬಿಡುವ ವಾಲ್ವ್ ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ವೇಗದಲ್ಲಿ ಅದು ಒಳ್ಳೆಯದೇ. ಆದರೆ ನಿಂತಾಗ ಸುಟ್ಟ ಹೊಗೆ ವಾಪಸ್ ಒಳಗೆ ನುಗ್ಗಿ ಹೊಸ ಗಾಳಿಯೊಂದಿಗೆ ಬೆರೆಯುತ್ತದೆ, ಒಂದು ಸಿಲಿಂಡರ್ ಚೆನ್ನಾಗಿ ಉರಿದರೆ ಮತ್ತೊಂದು ಅರೆಬರೆ ಉರಿಯುತ್ತದೆ, ಇಡೀ ಕಾರು ಎಡಕ್ಕೆ ಬಲಕ್ಕೆ ತೂಗುತ್ತಾ ನಿಂತಿರುತ್ತದೆ.