ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಸೊಪ್ಪು ಬಿಡಬೇಕಾ?

ಪ್ರಶ್ನೆ: ಅಪ್ಪನಿಗೆ ಹೃದಯಕ್ಕೆ ಲೋಹದ ವಾಲ್ವ್ ಹಾಕಿದ್ದಾರೆ. ದಿನಾ ವಾರ್ಫರಿನ್ ಮಾತ್ರೆ. ‘ಸೊಪ್ಪು ಮುಟ್ಟಬೇಡಿ’ ಅಂತ ಯಾರೋ ಹೇಳಿದ್ದಕ್ಕೆ ಹದಿನೈದು ದಿನದಿಂದ ಬಸ್ಸಾರು ಬಿಟ್ಟಿದ್ದಾರೆ. ಇದು ಸರೀನಾ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಪೂರ್ತಿ ಬಿಡಬೇಕಿಲ್ಲ. ಆದರೆ ಇವತ್ತೇ ಮತ್ತೆ ಶುರು ಮಾಡಲೂಬೇಡಿ. ಯಾಕೆ ಅಂತ ಹೇಳುತ್ತೇನೆ.

ಈ ಮಾತ್ರೆ ರಕ್ತವನ್ನು ತೆಳು ಮಾಡುವುದೇ ಇಲ್ಲ. ಹಾಲಿಗೆ ನೀರು ಬೆರೆಸುವುದು ಬೇರೆ, ಹೆಪ್ಪು ಕಡಿಮೆ ಹಾಕುವುದು ಬೇರೆ ಅಲ್ವಾ? ಇದು ಎರಡನೆಯದು. ಡಿಸೆಂಬರ್ ಚಳಿಯಲ್ಲಿ ನಮ್ಮ ಮನೆಗಳಲ್ಲಿ ಮೊಸರು ಹೆಪ್ಪಾಗಲು ತಡವಾಗುತ್ತದಲ್ಲ, ಹಾಗೆ.

ಗಾಯವಾದಾಗ ಮೊದಲು ಪ್ಲೇಟ್‌ಲೆಟ್‌ಗಳು ಓಡಿಬಂದು ತೂತಿಗೆ ಅಂಟಿಕೊಳ್ಳುತ್ತವೆ. ಅದು ಸದ್ಯಕ್ಕೊಂದು ಬಿರಡೆ ಅಷ್ಟೇ. ಮೇಲೆ ಫೈಬ್ರಿನ್ ಎಳೆಗಳ ಬಲೆ ಬಿದ್ದರೆ ಗಟ್ಟಿ. ಬಲೆ ನೇಯಲು ಹಲವು ಪ್ರೋಟೀನ್‌ಗಳು ಒಂದನ್ನೊಂದು ಎಬ್ಬಿಸುತ್ತಾ ಹೋಗಬೇಕು. ಅವಕ್ಕೆ ನಂಬರ್ ಇದೆ. 8ನೆಯದು ಹುಟ್ಟಿನಿಂದಲೇ ಕಡಿಮೆಯಿದ್ದರೆ ಹಿಮೋಫಿಲಿಯಾ ಎ, ಅಂದರೆ ರಕ್ತ ಬೇಗ ನಿಲ್ಲದ ಕಾಯಿಲೆ. 2, 7, 9, 10ನೆಯವು ಲಿವರ್‌ನಲ್ಲಿ ಸರಿಯಾಗಿ ತಯಾರಾಗಲು ವಿಟಮಿನ್ ಕೆ ಬೇಕೇ ಬೇಕು. ವಾರ್ಫರಿನ್ ಅಡ್ಡ ಬರುವುದು ಅಲ್ಲೇ.

ಈ ಔಷಧಿಯ ಜಾಡು ಸಿಕ್ಕಿದ್ದು ದನಗಳಿಂದ. 1920ರ ದಶಕದಲ್ಲಿ ಅಮೆರಿಕ, ಕೆನಡಾದಲ್ಲಿ ಬೂಷ್ಟು ಹಿಡಿದ ಮೇವು ತಿಂದ ದನಗಳು ರಕ್ತ ಸೋರಿ ಸತ್ತವು. ಅದರ ಕಾರಣ ಹುಡುಕುತ್ತಾ ಹೋಗಿ ಕೊನೆಗೆ ವಾರ್ಫರಿನ್ ಬಂತು. ಮೊದಲು ಮಾರಿದ್ದು ಇಲಿ ಪಾಷಾಣವಾಗಿ, 1948ರಲ್ಲಿ. (ಅಪ್ಪನಿಗೆ ಇದನ್ನು ಹೇಳಲೇಬೇಕೆಂದಿಲ್ಲ.) ಮನುಷ್ಯರಿಗೆ ಔಷಧಿಯಾಗಿ ಬಂದದ್ದು 1954ರಲ್ಲಿ.

ಈಗ ಸೊಪ್ಪು. ಪಾಲಕ್, ನುಗ್ಗೆ ಸೊಪ್ಪು, ದಂಟಿನ ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ. ತಿನ್ನುವುದು ಒಮ್ಮೆಲೇ ಹೆಚ್ಚಿದರೆ ಮಾತ್ರೆ ಸೋಲುತ್ತದೆ, ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಒಮ್ಮೆಲೇ ಬಿಟ್ಟರೆ ಮಾತ್ರೆಯದೇ ಮೇಲುಗೈ, ರಕ್ತಸ್ರಾವದ ಭಯ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಅಂತ ಅಳೆಯುವ ರಕ್ತಪರೀಕ್ಷೆಯೇ ಐಎನ್‌ಆರ್; ತಡವಾದಷ್ಟೂ ನಂಬರ್ ಜಾಸ್ತಿ. ಮಾತ್ರೆ ತಗೊಳ್ಳದವರಲ್ಲಿ ಅದು ಸುಮಾರು 1. ಲೋಹದ ವಾಲ್ವ್ ಇದ್ದವರಿಗೆ, ವಾಲ್ವ್ ಎಲ್ಲಿದೆ ಎಂಬುದರ ಮೇಲೆ, ಸಾಮಾನ್ಯವಾಗಿ 2ರಿಂದ 3 ಅಥವಾ 2.5ರಿಂದ 3.5ರೊಳಗೆ ಇರಬೇಕು.

ಸೊಪ್ಪು ಬಿಟ್ಟು ಹದಿನೈದು ದಿನವಾಗಿದೆ. ಹಾಗಾಗಿ ಮೊದಲು ಐಎನ್‌ಆರ್ ಮಾಡಿಸಿ, ವಿಷಯ ಡಾಕ್ಟರಿಗೆ ಹೇಳಿ. ವಾರಕ್ಕೆ ಎಷ್ಟು ಸಲ ಸೊಪ್ಪು ಅಂತ ಅವರ ಹತ್ತಿರವೇ ಗೊತ್ತು ಮಾಡಿಕೊಂಡು, ಪ್ರತಿ ವಾರ ಹೆಚ್ಚುಕಡಿಮೆ ಅಷ್ಟೇ ತಿನ್ನಲಿ.

ನನ್ನನ್ನು ಕೇಳಿದರೆ ಸೊಪ್ಪಿಗಿಂತ ಭಯಪಡಬೇಕಾದದ್ದು ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಸುಮ್ನೆ ತರುವ ಡೈಕ್ಲೋಫೆನಾಕ್‌ಗೆ; ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯ ಹೆಚ್ಚು. ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ, ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ. ಮಾತ್ರೆ ಚೀಟಿ ಜೊತೆಗಿರಲಿ.